ರಿಜಿಸ್ಟರಿನ ಒಂದು ಸಾಲು

ಕಲಾಸಿಪಾಳ್ಯವೆಂದರೆ ಬಸ್ಸು, ಲಾರಿ, ಗಂಟುಮೂಟೆ, ಕೂಗಾಟ ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಬಸವನಗುಡಿಯವರು ತಮ್ಮ ಬಡಾವಣೆಯ ಮಾತೆತ್ತಿದರೆ ಡಿ.ವಿ.ಜಿ.ಯವರು ಕಟ್ಟಿದ ಗೋಖಲೆ ಸಂಸ್ಥೆಯನ್ನು ನೆನೆಯುತ್ತಾರೆ. ಚಾಮರಾಜಪೇಟೆಯವರು ಸಾಹಿತ್ಯ ಪರಿಷತ್ತನ್ನು ಮುಂದಿಡುತ್ತಾರೆ. ಮಲ್ಲೇಶ್ವರದವರಿಗಂತೂ ಹೇಳಿಕೊಳ್ಳುವ ವಿಷಯಕ್ಕೆ ಎಂದೂ ಬರವಿಲ್ಲ. ಕಲಾಸಿಪಾಳ್ಯದವನು ಮಾತ್ರ "ಬಸ್ ಸ್ಟ್ಯಾಂಡಿನ ಹತ್ತಿರ" ಎಂದು ಹೇಳಿ ಸುಮ್ಮನಾಗುತ್ತಾನೆ. ಡೇರೆ ಹೊಡೆಯುವ, ಹೊರೆ ಹೊರುವ ಖಲಾಸಿಗಳಿಂದ ಈ ಹೆಸರು ಬಂತೆಂದು ತಿಳಿದವರು ಹೇಳುವುದುಂಟು. ಹುಡುಗರಾಗಿದ್ದಾಗ ನಾವೇನೋ, ಇಲ್ಲಿಗೆ ಬಂದಿಳಿದ ಪ್ರಯಾಣಿಕನ ಜೇಬು ಖಲಾಸಾಗುವುದರಿಂದಲೇ ಈ ಹೆಸರೆಂದು ನಂಬಿದ್ದೆವು.

ಇಂಥ ಕಲಾಸಿಪಾಳ್ಯದ ಒಂದು ಗಲ್ಲಿಯಲ್ಲಿ, ಟೈರಿನ ಅಂಗಡಿಯೊಂದರ ಮಹಡಿಯ ಮೇಲೆ, ಒಂದು ವಾಚನಾಲಯವಿತ್ತು ಎಂದರೆ ಈಗಿನವರು ನಂಬುವುದು ಕಷ್ಟ. ನಾನು ಅದರಲ್ಲಿ ಗುಮಾಸ್ತೆಯಾಗಿದ್ದೆ. 1973ನೆಯ ಇಸವಿ, ನನಗೆ 19 ವರ್ಷ, ಪಿ.ಯು.ಸಿ.ಯಲ್ಲಿ ಇಂಗ್ಲಿಷು ನನ್ನನ್ನು ಕೈಬಿಟ್ಟಿತ್ತು. ಮನೆಯಲ್ಲಿ ಕುಳಿತು ಅನ್ನ ದಂಡ ಮಾಡುವುದಕ್ಕಿಂತ ಪುಸ್ತಕಗಳ ಧೂಳನ್ನಾದರೂ ಹೊಡೆಯಲಿ ಎಂದು ನಮ್ಮ ತಂದೆ ಯಾರನ್ನೋ ಕಂಡು, ತಿಂಗಳಿಗೆ 40 ರೂಪಾಯಿಗೆ ಅಲ್ಲಿ ಸೇರಿಸಿದರು. ಮೂರು ರೂಪಾಯಿ ಠೇವಣಿ, ತಿಂಗಳಿಗೆ 50 ಪೈಸೆ ಚಂದಾ. ಕಂಡಕ್ಟರುಗಳು, ಡ್ರೈವರುಗಳು, ಲಾಡ್ಜಿನ ರೈಟರುಗಳು, ವಿಕ್ಟೋರಿಯ ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ ಹೊತ್ತು ಕಳೆಯಲಾರದೆ ಬಂದ ನೆಂಟರು, ಬಸ್ಸು ತಪ್ಪಿದವರು, ಇವರೇ ನಮ್ಮ ವಾಚಕವೃಂದ. ಅನಕೃ, ತರಾಸು, ತ್ರಿವೇಣಿ ಇವರ ಕಾದಂಬರಿಗಳು ಕಪಾಟಿನಲ್ಲಿ ನಿಂತದ್ದನ್ನು ನಾನು ಕಂಡೇ ಇಲ್ಲ. ಅವು ಸದಾ ಯಾವುದಾದರೊಂದು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಲೇ ಇರುತ್ತಿದ್ದವು.

ವಾಚನಾಲಯದ ಯಜಮಾನಿಕೆ ಒಬ್ಬ ನಿವೃತ್ತ ಮೇಷ್ಟ್ರದು. ಕಚ್ಚೆಪಂಚೆ, ಮುಚ್ಚುಕೋಟು, ಒಂದು ಕಡೆ ದಾರ ಕಟ್ಟಿದ ಕನ್ನಡಕ. ಅವರ ಮೇಜಿನ ಹಿಂದೆ ಗೋಡೆಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವನ್ನು ಅಂಟಿಸಿದ್ದರು. ಯಾವ ದೇವರೋ ಯಾವ ಮಂತ್ರಿಯೋ ಎಂದು ನಾನು ಮೊದಲು ಯೋಚಿಸಿದ್ದೆ. ಅದು ಎಸ್.ಆರ್. ರಂಗನಾಥನ್ ಅವರ ಚಿತ್ರ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದವರು; 1931ರಲ್ಲಿ ಐದು ಸೂತ್ರಗಳನ್ನು ಬರೆದು, ಪುಸ್ತಕ ಕಾಯುವವನಾಗಿದ್ದ ಗ್ರಂಥಪಾಲಕನನ್ನು ಪುಸ್ತಕ ಹಂಚುವವನನ್ನಾಗಿ ಮಾಡಿದವರು; 1962ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆ ಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವೊಂದನ್ನು ಕಟ್ಟಿ, 1972ರ ಸೆಪ್ಟೆಂಬರಿನಲ್ಲಿ ಇದೇ ಊರಿನಲ್ಲಿ ತೀರಿಕೊಂಡವರು. ಆ ಸುದ್ದಿಯ ಜೊತೆಗೆ ಬಂದ ಚಿತ್ರವೇ ಅದು. ಮೇಷ್ಟ್ರು ಅದಕ್ಕೆ ಹೂವು ಮುಡಿಸುತ್ತಿರಲಿಲ್ಲ; ಬೆಳಿಗ್ಗೆ ಬಂದೊಡನೆ ಒಮ್ಮೆ ನೋಡಿ ಕನ್ನಡಕ ಒರಸಿಕೊಳ್ಳುತ್ತಿದ್ದರು, ಅಷ್ಟೇ.

ನನ್ನ ವಶದಲ್ಲಿದ್ದದ್ದು ರಿಜಿಸ್ಟರು. ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕ. ತಾರೀಖು, ವಾಚಕನ ಹೆಸರು, ಗ್ರಂಥದ ಹೆಸರು, ಕೊಟ್ಟದ್ದು, ಬಂದದ್ದು. ಒಂದೆರಡು ತಿಂಗಳು ಬರೆಯುವಷ್ಟರಲ್ಲಿ ನನಗೆ ಒಂದು ಹುಚ್ಚು ಹಿಡಿಯಿತು. ಪುಸ್ತಕಗಳನ್ನು ಓದುವುದಕ್ಕಿಂತ ರಿಜಿಸ್ಟರನ್ನು ಓದುವುದೇ ಸ್ವಾರಸ್ಯವೆಂದು ತೋರಿತು. ಮೀಸೆಯ ಡ್ರೈವರು ಅಳುಬುರುಕ ಸಂಸಾರ ಕಥೆಗಳನ್ನೇ ಒಯ್ಯುತ್ತಾನೆ. ಜನಿವಾರದ ರಾಯರು ಪತ್ತೇದಾರಿ ಕಾದಂಬರಿಯನ್ನು ಪಂಚಾಂಗದೊಳಗೆ ಅಡಗಿಸಿ ತರುತ್ತಾರೆ. ಲಾಡ್ಜಿನ ರೈಟರಿಗೆ ವೇದಾಂತ. ಊರಿನ ಅಂತರಂಗವೆಲ್ಲ ನನ್ನ ಬೆರಳಿನ ಕೆಳಗೆ ಇದೆಯೆಂದು ನನಗೆ ಹೆಮ್ಮೆ. ಪಿ.ಯು.ಸಿ.ಯಲ್ಲಿ ಸೋತವನಿಗೆ ಯಾವುದಾದರೊಂದು ವಿದ್ಯೆ ಬೇಕಲ್ಲ!

ನಮ್ಮ ವಾಚಕರಲ್ಲಿ ಒಬ್ಬ ತರುಣನಿದ್ದ. ಹತ್ತಿರದ ಒಂದು ಲಾರಿ ಕಚೇರಿಯಲ್ಲಿ ಲೆಕ್ಕ ಬರೆಯುವವನು, ಕೋಲಾರದ ಕಡೆಯವನು. ಮಾತು ಕಡಿಮೆ, ಅಕ್ಷರ ಮುತ್ತಿನಂಥದು. ಮೊದಲು ಕಾದಂಬರಿ ಒಯ್ಯುತ್ತಿದ್ದವನು ಒಂದು ದಿನ ಕಪಾಟಿನ ಕೆಳಗಿನ ಸಾಲನ್ನು ತಡಕಿ, ಕ್ಷಯರೋಗದ ವಿಚಾರವಾದ ತೆಳ್ಳನೆಯ ಪುಸ್ತಕವೊಂದನ್ನು ತಂದ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದವರು ಜನಸಾಮಾನ್ಯರಿಗೆಂದು ಹೊರಡಿಸುತ್ತಿದ್ದರಲ್ಲ, ಆ ಗಾತ್ರದ್ದು. ವಾರ ಬಿಟ್ಟು ತಂದುಕೊಟ್ಟು ಮತ್ತೆ ಅದನ್ನೇ ಬರೆಸಿದ. ಮೂರನೆಯ ಸಲವೂ ಅದೇ. ನಾನು ಮೂರು ಸಲವೂ ಬರೆದುಕೊಂಡೆ. ಬರೆದುಕೊಂಡದ್ದಲ್ಲದೆ ಮನಸ್ಸಿನಲ್ಲಿಯೂ ಇಟ್ಟುಕೊಂಡೆ.

ಅವನ ಸಾಹುಕಾರರು ನಮ್ಮ ವಾಚನಾಲಯಕ್ಕೆ ಒಂದು ಫ್ಯಾನು ದಾನ ಮಾಡಿದ್ದರು. ಅದರ ಮೂರು ರೆಕ್ಕೆಗಳ ಮೇಲೂ ಅವರ ಹೆಸರಿತ್ತು. ಫ್ಯಾನು ತಿರುಗುವಾಗ ಓದುವಂತಿರಲಿಲ್ಲವಾದ್ದರಿಂದ, ಅವರು ಬಂದಾಗ ಅದನ್ನು ನಿಲ್ಲಿಸಬೇಕೋ ತಿರುಗಿಸಬೇಕೋ ಎಂಬುದು ನನಗೆ ಸದಾ ಸಮಸ್ಯೆ. ಒಂದು ಸಂಜೆ ಮೇಷ್ಟ್ರು ಇರಲಿಲ್ಲ. ಸಾಹುಕಾರರು ಬಂದು ಕುಳಿತು, ಕಾಫಿ ತರಿಸಿ ನನಗೂ ಅರ್ಧ ಕೊಟ್ಟು, ಅದೂ ಇದೂ ಮಾತಾಡುತ್ತ, "ನಮ್ಮ ಹುಡುಗ ಇಲ್ಲಿಗೆ ಬರುತ್ತಾನಂತೆ. ಏನು ಓದುತ್ತಾನಯ್ಯ?" ಎಂದರು. ಅಷ್ಟು ದೊಡ್ಡ ಮನುಷ್ಯರು ನನ್ನ ವಿದ್ಯೆಯನ್ನು ಕೇಳಿದ್ದು ಅದೇ ಮೊದಲು. ರಿಜಿಸ್ಟರನ್ನು ತೆರೆದು ಬೆರಳಿಟ್ಟು ತೋರಿಸಿದೆ. "ಮೂರು ಸಲ ಇದನ್ನೇ ಒಯ್ದಿದ್ದಾನೆ ನೋಡಿ," ಎಂದೂ ಸೇರಿಸಿದೆ. ಆ ಮಾತನ್ನು ಅವರೇನೂ ಕೇಳಿರಲಿಲ್ಲ.

ಅವರು ಏನೂ ಹೇಳದೆ ಎದ್ದು ಹೋದರು. ನಾಲ್ಕು ದಿನದ ಮೇಲೆ ತರುಣ ಬಂದ. ಪುಸ್ತಕವನ್ನು ಮೇಜಿನ ಮೇಲಿಟ್ಟು, "ಠೇವಣಿ ಕೊಟ್ಟುಬಿಡಿ, ಊರಿಗೆ ಹೋಗುತ್ತೇನೆ," ಎಂದ. ಏಕೆಂದು ಕೇಳಿದೆ. "ಸಾಹುಕಾರರು ಲೆಕ್ಕ ಚುಕ್ತಾ ಮಾಡಿದರು. ಮೈ ನೋಡಿಕೋ ಎಂದರು," ಎಂದು ನಕ್ಕ. ಯಾರು ಹೇಳಿದರೆಂದು ಅವನು ಕೇಳಲಿಲ್ಲ. ನನ್ನನ್ನು ಅನುಮಾನದಿಂದ ನೋಡಲೂ ಇಲ್ಲ. ಮೂರು ರೂಪಾಯಿ ಎಣಿಸಿಕೊಂಡು ಸಹಿ ಹಾಕಿ, ಹೊರಡುವಾಗ ತಿರುಗಿ, "ಒಳಗೆ ಒಂದು ಹಾಳೆ ಸಡಿಲವಾಗಿತ್ತು, ಅಂಟು ಹಾಕಿದ್ದೇನೆ," ಎಂದ.

ಕಾಯಿಲೆ ಅವನಿಗಿರಲಿಲ್ಲ, ಅವನ ಅಕ್ಕನಿಗಿತ್ತು. ಹಳ್ಳಿಯಲ್ಲಿ ಅವಳನ್ನು ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿ, ಎರಡು ವರ್ಷದ ಮಗುವನ್ನು ಬೇರೆ ಮಾಡಿದ್ದರಂತೆ. ಅದು ಸರಿಯೋ ತಪ್ಪೋ, ಏನು ಉಣಿಸಬೇಕು, ಔಷಧ ಎಷ್ಟು ತಿಂಗಳು ಎಂದು ತಿಳಿಯಲು ಇವನು ಆ ಪುಸ್ತಕವನ್ನು ಒಯ್ಯುತ್ತಿದ್ದ. ಭಾನುವಾರ ಊರಿಗೆ ಹೋದಾಗ ಮನೆಯವರಿಗೆ ಓದಿ ಹೇಳುತ್ತಿದ್ದ. ಅದಕ್ಕಾಗಿಯೇ ಸಂಬಳದಲ್ಲಿ ಮುಂಗಡ ಕೇಳಿದ್ದ. ಈ ಹುಡುಗನಿಗೆ ಹಣವೇಕೆ ಎಂಬುದು ಸಾಹುಕಾರರ ಸಂದೇಹ. ಸಂದೇಹಕ್ಕೆ ಪರಿಹಾರ ಒದಗಿಸಿದವನು ನಾನು. ಇದೆಲ್ಲವನ್ನೂ ಅದೇ ಕಚೇರಿಯ ಒಬ್ಬ ಕ್ಲೀನರು ಬಂದು ಹೇಳಿದ. ಕ್ಷಯವೆಂದರೆ ಜನ ಆಗಲೂ ಹೆದರುತ್ತಿದ್ದರು. ರೋಗಿಯನ್ನು ಮನೆಯಲ್ಲಿಟ್ಟುಕೊಂಡೇ ಔಷಧ ಕೊಟ್ಟರೂ ಗುಣವಾಗುತ್ತದೆ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ ಎಂಬುದನ್ನು ಮದರಾಸಿನ ವೈದ್ಯರು 1959ರಲ್ಲಿಯೇ ತೋರಿಸಿಕೊಟ್ಟಿದ್ದರು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತ್ತು. ಆದರೆ ಸಂಸ್ಥೆಯಿಂದ ಕಲಾಸಿಪಾಳ್ಯದ ಗಲ್ಲಿಗೆ ತಿಳಿವಳಿಕೆ ನಡೆದು ಬರುವುದು ನಿಧಾನ. ಚಾಡಿ ಮಾತ್ರ ಲಾರಿ ಹತ್ತಿ ಹೋಗುತ್ತದೆ.

ಮೇಷ್ಟ್ರಿಗೆ ನಾನೇ ಹೇಳಿದೆ. ಹೇಳದೆ ಇದ್ದರೂ ನಡೆಯುತ್ತಿತ್ತು. ಆದರೆ ಆ ಅಂಟಿಸಿದ ಹಾಳೆ ನನ್ನನ್ನು ಸುಮ್ಮನಿರಗೊಡಲಿಲ್ಲ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿ, "ನಿನ್ನ ಸಾಲು ಎಲ್ಲಿದೆ, ಓದು," ಎಂದರು. ನೌಕರನಾದರೂ ನಾನೂ ಪುಸ್ತಕ ಒಯ್ಯುವಾಗ ಬರೆದೇ ಒಯ್ಯಬೇಕೆಂಬುದು ಅವರ ನಿಯಮ. ನಾನು ಓದಲಿಲ್ಲ. ಅವರೇ ಓದಿದರು. ಇತರರ ಮನಸ್ಸನ್ನು ಕಣ್ಣೋಟದಿಂದ ವಶಪಡಿಸಿಕೊಳ್ಳುವ ವಿದ್ಯೆಯ ಮೇಲೆ ಒಂದು ಪುಸ್ತಕ, ಎರಡು ಸಲ. ನಮ್ಮ ಬೀದಿಯ ತುದಿಯ ಮನೆಯ ಒಬ್ಬ ಹುಡುಗಿ ನನ್ನ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಲಿ ಎಂಬ ಆಸೆಯಿಂದ ಒಯ್ದದ್ದು. ವಿದ್ಯೆ ಫಲಿಸಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

"ಇದನ್ನು ನಿಮ್ಮ ತಂದೆಯವರಿಗೆ ಹೇಳಲೇನು?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ನನ್ನ ಕಿವಿ ಬೆಚ್ಚಗಾಯಿತು. "ಹೆದರಬೇಡ. ಆರು ತಿಂಗಳಿಂದ ನನಗೆ ಗೊತ್ತು. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಇಷ್ಟೇ ಕಣಯ್ಯ ನಮ್ಮ ಕಸುಬು. ಧೂಳು ಹೊಡೆಯುವುದನ್ನು ಯಾರು ಬೇಕಾದರೂ ಮಾಡುತ್ತಾರೆ."

ಮಾರನೆಯ ದಿನ ಅವರು ಸಾಹುಕಾರರನ್ನು ಕಂಡುಬಂದರು. ಕಾಯಿಲೆ ಹುಡುಗನದಲ್ಲವೆಂದು ತಿಳಿಸಿ ಅವನನ್ನು ಮತ್ತೆ ಕರೆಸಿಕೊಳ್ಳಿ ಎಂದು ಕೇಳಿದರಂತೆ. "ಆ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದಾನೆ," ಎಂಬ ಉತ್ತರ ಬಂತು. ಅಂದಿನಿಂದ ಮೇಷ್ಟ್ರು ಆ ಫ್ಯಾನಿನ ಕೆಳಗೆ ಕೂರಲಿಲ್ಲ. ಬೇಸಗೆಯಲ್ಲಿಯೂ ಮೇಜನ್ನು ಕಿಟಕಿಯ ಬಳಿಗೆ ಎಳೆಸಿ, ಟೈರಿನ ವಾಸನೆಯನ್ನು ಸಹಿಸಿಕೊಂಡು ಅಲ್ಲಿಯೇ ಕುಳಿತರು.

ಇನ್ನೊಂದು ಕೆಲಸವನ್ನೂ ಮಾಡಿದರು. ರಿಜಿಸ್ಟರನ್ನು ನಿಲ್ಲಿಸಿದರು. ಬದಲಿಗೆ ರಟ್ಟಿನ ಚೀಟಿಗಳನ್ನು ಮಾಡಿಸಿದರು. ದೊಡ್ಡ ಗ್ರಂಥಾಲಯಗಳಲ್ಲಿ ಆಗ ಇದೇ ರೂಢಿ; 19ನೆಯ ಶತಮಾನದ ಕೊನೆಗೆ ಅಮೆರಿಕದ ನೀನಾ ಬ್ರೌನ್ ಎಂಬಾಕೆ ರೂಪಿಸಿದ ಪದ್ಧತಿ, ಅವರ ಹೆಸರಿನಿಂದಲೇ ಪ್ರಸಿದ್ಧ. ಪ್ರತಿ ಪುಸ್ತಕದೊಳಗೆ ಅದರ ಹೆಸರಿನ ಒಂದು ಚೀಟಿ. ಪ್ರತಿ ವಾಚಕನಿಗೆ ಅವನ ಹೆಸರಿನ ಒಂದು ಪುಟ್ಟ ಜೇಬು. ಪುಸ್ತಕ ಹೊರಟಾಗ ಚೀಟಿ ಜೇಬಿನೊಳಗೆ ಸೇರಿ ನಮ್ಮ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ; ಪುಸ್ತಕ ಬಂದೊಡನೆ ಚೀಟಿ ಪುಸ್ತಕಕ್ಕೆ, ಜೇಬು ವಾಚಕನ ಕೈಗೆ. ಪುಸ್ತಕ ಹೊರಗಿರುವವರೆಗೆ ಯಾರ ಬಳಿ ಇದೆಯೆಂದು ತಿಳಿಯಬೇಕು, ತಿಳಿಯುತ್ತದೆ. ಬಂದ ಮೇಲೆ ಯಾರು ಓದಿದರೆಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಆ ಪದ್ಧತಿಯನ್ನು ಮಾಡಿದವರ ಉದ್ದೇಶ ಕೆಲಸ ಬೇಗ ಸಾಗಲಿ ಎಂಬುದೇ ಇದ್ದಿರಬಹುದು. ಮೇಷ್ಟ್ರಿಗೆ ಬೇಕಾದದ್ದು ಮಾತ್ರ ಆ ಮರೆವು. "ಪೆಟ್ಟಿಗೆ ಮರೆಯುತ್ತದೆ, ಸರಿ. ನನ್ನ ತಲೆಯಲ್ಲಿ ಉಳಿಯುತ್ತದಲ್ಲ?" ಎಂದು ನಾನು ಕೇಳಿದೆ. "ಮರೆಯುವುದಕ್ಕೂ ಸೇರಿಸಿಯೇ ನಿನಗೆ 40 ರೂಪಾಯಿ ಕೊಡುವುದು," ಎಂದರು.

ನಾನು ಮುಂದೆ ಇಂಗ್ಲಿಷನ್ನು ಹೇಗೋ ದಾಟಿ, ಗ್ರಂಥಾಲಯ ಶಾಸ್ತ್ರದ ಪರೀಕ್ಷೆ ಮಾಡಿಕೊಂಡು, ಬದುಕೆಲ್ಲ ಅದೇ ಕಸುಬಿನಲ್ಲಿ ಕಳೆದೆ. ಕಸುಬಿನ ಧರ್ಮವೇನೆಂದು ಹುಡುಗರು ಕೇಳಿದಾಗಲೆಲ್ಲ ನಾನು ಎರಡು ಮಾತು ಹೇಳುತ್ತಿದ್ದೆ. ಮೊದಲನೆಯದಕ್ಕೆ ಸಾಕ್ಷಿ ಮೈಸೂರಿನದು. ಅಲ್ಲಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಕಟ್ಟನ್ನು ತಂದು ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚು ಮಾಡಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕವಾಗಿ ಬಂತು. ಅಂಥ ನಿಧಿ ಕೈಗೆ ಸಿಕ್ಕರೆ ಕಟ್ಟನ್ನು ಬಿಗಿದು ಕಪಾಟಿನೊಳಗಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೇ ಹೆಚ್ಚು. ಅವರು ಜಗತ್ತಿಗೇ ಹಂಚಿದರು. ಎರಡನೆಯ ಮಾತಿಗೆ ಸಾಕ್ಷಿ ನಮ್ಮ ಮೇಷ್ಟ್ರು. ಪುಸ್ತಕವನ್ನು ಬಯಲಿಗೆ ತರುವವನೇ ಓದುಗನನ್ನು ಮರೆಯಲ್ಲಿಡಬೇಕು. ಅರ್ಥಶಾಸ್ತ್ರದಲ್ಲಿ ಗೂಢಚಾರರ ವಿಚಾರ ಬೇಕಾದಷ್ಟಿದೆ. ಅದನ್ನು ಬೆಳಕಿಗೆ ತಂದವರು ಗ್ರಂಥಪಾಲಕರು ನಿಜ. ಹಾಗೆಂದು ಗ್ರಂಥಪಾಲಕನೇ ಗೂಢಚಾರನಾಗಬೇಕೆಂದಿಲ್ಲ.

ಇದು ನಮ್ಮ ಮೇಷ್ಟ್ರೊಬ್ಬರ ಕಟ್ಟುಪಾಡು ಎಂದು ಬಹುಕಾಲ ತಿಳಿದಿದ್ದೆ. ಆಮೇಲೆ ಓದಿದಾಗ ತಿಳಿಯಿತು: ಅಮೆರಿಕದ ಗ್ರಂಥಪಾಲಕರ ಸಂಘ 1939ರಲ್ಲಿ ಒಪ್ಪಿದ ನೀತಿಸಂಹಿತೆಯಲ್ಲಿಯೇ ವಾಚಕರ ಸ್ವಂತ ವಿಷಯವನ್ನು ಗುಟ್ಟಾಗಿಡಬೇಕೆಂಬ ನಿಯಮವಿತ್ತು, ಅಂತರರಾಷ್ಟ್ರೀಯ ಸಂಘ 2012ರಲ್ಲಿ ಪ್ರಕಟಿಸಿದ ಸಂಹಿತೆಯಲ್ಲಿಯೂ ಇದೆ. 2005ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ನಾಲ್ವರು ಗ್ರಂಥಪಾಲಕರಿಗೆ ಸರ್ಕಾರದ ಪತ್ತೇದಾರಿ ಇಲಾಖೆಯಿಂದ, ಒಂದು ಕಂಪ್ಯೂಟರನ್ನು ಬಳಸಿದವರ ವಿವರ ಕೊಡಿ, ಕೇಳಿದೆವೆಂದು ಯಾರಿಗೂ ಹೇಳಬೇಡಿ ಎಂದು ಕಾಗದ ಬಂತು. ನ್ಯಾಯಾಧೀಶರ ಅಪ್ಪಣೆಯಿಲ್ಲದ ಕಾಗದ. ಅವರು ಕೊಡದೆ ನ್ಯಾಯಾಲಯಕ್ಕೆ ಹೋದರು. ಮರುವರ್ಷ ಸರ್ಕಾರ ಹಿಂದೆಗೆಯಿತು. ಅವರ ಎದುರಿಗಿದ್ದದ್ದು ಒಂದು ಮಹಾ ಸರ್ಕಾರ. ನನ್ನ ಎದುರಿಗೆ ಇದ್ದದ್ದು ಅರ್ಧ ಲೋಟ ಕಾಫಿ.

ನಮ್ಮ ದೇಶದಲ್ಲಿ ಗುಟ್ಟು ಎಲ್ಲಿದೆ ಸ್ವಾಮಿ, ಬೀದಿಯಲ್ಲಿ ಯಾರ ಮನೆಯ ಸಾರಿಗೆ ಏನು ಒಗ್ಗರಣೆ ಎಂಬುದೂ ಎಲ್ಲರಿಗೂ ಗೊತ್ತು ಎನ್ನುವವರಿದ್ದಾರೆ. ಅವರಿಗೆ ನಾನು ನಮ್ಮ ಊರಿನವರನ್ನೇ ತೋರಿಸುತ್ತೇನೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಮನುಷ್ಯನ ಖಾಸಗಿತನ ಅವನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನಿಗೆ ತನ್ನದೇ ಎನ್ನುವ ಒಳಕೋಣೆಯೊಂದು ಇರುವುದಾದರೆ, ಅವನು ಓದಿಗೆ ಕುಳಿತ ಮೂಲೆ ಅದರಲ್ಲಿ ಸೇರದೆ ಇರುವುದು ಹೇಗೆ?

ನನ್ನ ತಪ್ಪಿಗೆ ಇನ್ನೊಂದು ಬೇರೂ ಇತ್ತು. ಕೇಳಿದವರು ಫ್ಯಾನು ಕೊಟ್ಟವರು. ದಾನಿ ಕೇಳಿದರೆ ಇಲ್ಲವೆನ್ನುವುದು ಹೇಗೆ ಎಂದು ನನಗೆ ತೋರಿತು. ಈ ದೃಷ್ಟಿಯಿಂದ ನೋಡಿದರೆ, ನಮ್ಮಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು ದೊಡ್ಡ ಉಪಕಾರ. ಊರಿನ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯಕ್ಕೆಂದು ಕರ ಸೇರಿತು. ಈಗ ಅದು ತೆರಿಗೆಯ ಶೇ. 6. ಮನೆಯುಳ್ಳವರೆಲ್ಲರೂ ಕೊಡುವವರೇ; ಬಾಡಿಗೆಗಿರುವವನೂ ಬಾಡಿಗೆಯೊಳಗೆ ಕೊಟ್ಟಿರುತ್ತಾನೆ. ಎಲ್ಲರೂ ದಾನಿಗಳಾದ ಕಡೆಯಲ್ಲಿ ಯಾರೊಬ್ಬರ ಫ್ಯಾನಿಗೂ ನಾವು ತಲೆ ಬಾಗಬೇಕಾಗಿಲ್ಲ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದೊಳಗೆ ಹೋಗಿ ಕೂರುವವನು ಯಾರ ಋಣದಲ್ಲಿಯೂ ಕೂರುವುದಿಲ್ಲ. ಅಲ್ಲಿನ ನೌಕರನೂ ಯಾರ ಋಣದಿಂದಲೂ ಬಾಯಿ ಬಿಡಬೇಕಾಗಿಲ್ಲ.

ಹಾಗಾದರೆ ನ್ಯಾಯಾಲಯವೇ ಕೇಳಿದರೆ? ಕೊಡಬೇಕಾಗುತ್ತದೆ. ಆದರೆ ಬರೆದಿಟ್ಟದ್ದನ್ನು ಮಾತ್ರ ಕೇಳಬಹುದಷ್ಟೆ. ಪುಸ್ತಕ ಹಿಂದಕ್ಕೆ ಬಂದ ಮೇಲೂ ಹೆಸರನ್ನು ಇಟ್ಟುಕೊಂಡಿರುವುದು ಏತಕ್ಕೆ? ಈಗಿನ ಕಂಪ್ಯೂಟರು ನನ್ನ ಕೆಂಪು ರಿಜಿಸ್ಟರಿಗಿಂತ ಬಲವಾದ ನೆನಪುಳ್ಳದ್ದು. ಮೂರು ಸಲವನ್ನಲ್ಲ, ಮೂವತ್ತು ವರ್ಷದ ಲೆಕ್ಕವನ್ನೂ ಒಂದು ಗುಂಡಿ ಒತ್ತಿದರೆ ಒಪ್ಪಿಸುತ್ತದೆ. ನ್ಯೂಜಿಲೆಂಡಿನ ಒಂದು ಗ್ರಂಥಾಲಯಕ್ಕಾಗಿ ಹುಟ್ಟಿ, 2000ದಿಂದೀಚೆಗೆ ಲೋಕವೆಲ್ಲ ಹಬ್ಬಿರುವ ಕೋಹಾ ಎಂಬ ಉಚಿತ ತಂತ್ರಾಂಶ ನಮ್ಮ ಕಡೆಯ ಗ್ರಂಥಾಲಯಗಳಿಗೂ ಬಂದಿದೆ. ಅದರಲ್ಲಿ, ಬಂದ ಪುಸ್ತಕದ ಲೆಕ್ಕದಿಂದ ಓದುಗನ ಹೆಸರನ್ನು ಅಳಿಸಿಬಿಡುವ ಏರ್ಪಾಡೂ ಇದೆ. ಏರ್ಪಾಡು ಇದ್ದರೆ ಸಾಲದು. ಅದನ್ನು ಬಳಸಬೇಕೆಂದು ಅಲ್ಲಿ ಕುಳಿತವನಿಗೆ ಅನ್ನಿಸಬೇಕು. ಮೇಷ್ಟ್ರಂಥವರು ಹತ್ತಿರ ಇಲ್ಲದಿದ್ದರೆ ಅದು ಅನ್ನಿಸುವುದು ಹೇಗೋ ನಾನರಿಯೆ.

ಮೊನ್ನೆ ಕಲಾಸಿಪಾಳ್ಯಕ್ಕೆ ಹೋಗಿದ್ದೆ. 2023ರಲ್ಲಿ ತೆರೆದ ಹೊಸ ಬಸ್ ನಿಲ್ದಾಣ ಮಟ್ಟಸವಾಗಿದೆ. ಗುರುತು ಹಿಡಿಯುವುದೇ ಕಷ್ಟವಾಯಿತು. ನಮ್ಮ ಗಲ್ಲಿಯಲ್ಲಿ ವಾಚನಾಲಯವಿಲ್ಲ, ಮೇಷ್ಟ್ರೂ ಇಲ್ಲ. ಮಹಡಿಯ ಮೇಲೆ ಯಾವುದೋ ಬಿಡಿಭಾಗಗಳ ಗೋದಾಮು. ವಾಚನಾಲಯ ಮುಚ್ಚಿದಾಗ ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕಿದರು. ಆ ತೆಳ್ಳನೆಯ ಪುಸ್ತಕವನ್ನು ನಾನು ತೆಗೆದಿಟ್ಟುಕೊಂಡೆ. ಅಂಟಿಸಿದ ಹಾಳೆ ಇನ್ನೂ ಬಿಟ್ಟಿಲ್ಲ. ಅವನ ಅಕ್ಕ ಗುಣವಾದಳೋ ಇಲ್ಲವೋ, ಮಗು ತಾಯಿಯ ಬಳಿಗೆ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೋಲಾರದ ಕಡೆಯ ಬಸ್ಸನ್ನು ಕಂಡಾಗ ಒಳಗೆ ಬಗ್ಗಿ ನೋಡುವ ಅಭ್ಯಾಸ ಮಾತ್ರ ಉಳಿದಿದೆ.

ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಕುಳಿತು, ಮಡಿಲಿನಲ್ಲಿ ಪುಸ್ತಕವಿಟ್ಟುಕೊಂಡು, ರಟ್ಟನ್ನು ಕೈಯಿಂದ ಮುಚ್ಚಿ ಓದುತ್ತಿದ್ದಳು. ಯಾವ ಪುಸ್ತಕವೋ ಎಂದು ಹಳೆಯ ಚಪಲ ಒಂದು ಗಳಿಗೆ ಎದ್ದಿತು. ನಾನು ಬೇರೆ ಕಡೆಗೆ ತಿರುಗಿ ಕುಳಿತೆ.